ಸುಮಾರು

ಹನ್ನೊಂದು ದಿನ ಕೂತು ಕೊಡೆಯ ಮೇಲೊಂದು ಲಲಿತ ಪ್ರಬಂಧ ಬರೆದೆ. ಅಪ್ಪನ ಕೊಡೆ, ಅದರ ಬಾಗಿದ ಹಿಡಿ, ನಾನು ಈವರೆಗೆ ಬಸ್ಸುಗಳಲ್ಲಿ ಮರೆತುಬಂದ ಕೊಡೆಗಳ ಲೆಕ್ಕ, ಗಾಳಿಗೆ ಮಗುಚಿದ ಕೊಡೆಯನ್ನು ನಡುರಸ್ತೆಯಲ್ಲಿ ಸರಿಮಾಡುವಾಗ ಗಂಡಸಿನ ಮರ್ಯಾದೆ ಎಷ್ಟು ಉಳಿಯುತ್ತದೆ ಎಂಬುದು, ಎಲ್ಲ ಇತ್ತು. ಕೊನೆಯ ಪ್ಯಾರಾದಲ್ಲಿ ಅಪ್ಪ ತೀರಿಕೊಂಡ ಮೇಲೆ ಬಾಗಿಲ ಹಿಂದೆ ನೇತಾಡುತ್ತಿದ್ದ ಆ ಕೊಡೆ ಬರುತ್ತದೆ. ಓದಿಕೊಂಡು ನನಗೇ ಕಣ್ಣು ತುಂಬಿತು. ಕನ್ನಡ ಓದುಗರ ಒಂದು ಆನ್‌ಲೈನ್ ಗುಂಪಿಗೆ ಅದನ್ನು ಹಾಕಿ, ಕಾಫಿ ಕುಡಿಯುವವನ ಹಾಗೆ ನಟಿಸುತ್ತ ಫೋನನ್ನೇ ನೋಡುತ್ತ ಕೂತೆ.

ರಾತ್ರಿ ಊಟದ ಹೊತ್ತಿಗೆ 84 ಪ್ರತಿಕ್ರಿಯೆ. “ಚೆಂದದ ಬರಹ ಸರ್.” “ನಮ್ಮ ತಾತ ನೆನಪಾದರು.” ಮುಗಿದ ಕೈಗಳಿಗೆ ಲೆಕ್ಕವಿರಲಿಲ್ಲ. ಒಬ್ಬರಂತೂ “ಹುಟ್ಟುಹಬ್ಬದ ಶುಭಾಶಯಗಳು ಸರ್” ಎಂದಿದ್ದರು. ನನ್ನ ಹುಟ್ಟುಹಬ್ಬಕ್ಕೆ ಇನ್ನೂ ಐದು ತಿಂಗಳಿತ್ತು. ಆದರೂ ಅದನ್ನು ಹೊಗಳಿಕೆಯ ಬಾಬ್ತಿಗೇ ಜಮಾ ಮಾಡಿಕೊಂಡೆ. 85ನೆಯದು 9.40ಕ್ಕೆ ಬಂತು. ಬರೆದವರ ಹೆಸರು ಸತ್ಯವಾದಿ. ಮುಖ ಇರಬೇಕಾದ ಕಡೆ ಒಂದು ಸೂರ್ಯಕಾಂತಿ ಹೂವು. ಬರೆದದ್ದು ಒಂದೇ ಪದ.

“ಸುಮಾರು.”

ಮೇಲಿಂದ ಒಂದು ಪೂರ್ಣವಿರಾಮ. ಫೋನಿನಲ್ಲಿ ಕನ್ನಡ ಬರೆಯುವವರು ಇವತ್ತು ಪೂರ್ಣವಿರಾಮ ಹಾಕುವುದುಂಟೆ? ಹಾಕಿದ್ದಾನೆ ಎಂದರೆ ಯೋಚನೆ ಮಾಡಿಯೇ ಹಾಕಿದ್ದಾನೆ. ಆ ಚುಕ್ಕಿ ನನ್ನ ಹಣೆಗೇ ಇಟ್ಟ ಹಾಗಿತ್ತು.

‘ಥೂ’ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳದಲ್ಲಿ ಒಂದು ಬಿಸಿ ಇರುತ್ತದೆ, ಬೈಯುವವನ ರಕ್ತದೊತ್ತಡವನ್ನಾದರೂ ಏರಿಸಿದೆವಲ್ಲ ಎಂಬ ತೃಪ್ತಿ ಇರುತ್ತದೆ. ‘ಸುಮಾರು’ ತಣ್ಣಗಿನ ಪದ. ಎಣಿಕೆ ಎಂಬ ಅರ್ಥದ ಪರ್ಶಿಯನ್ ‘ಶುಮಾರ್’ ನಮ್ಮಲ್ಲಿಗೆ ಬಂದು ಎರಡು ಉದ್ಯೋಗ ಹಿಡಿಯಿತು. ಹಗಲಲ್ಲಿ ‘ಹೆಚ್ಚುಕಡಿಮೆ’ ಎಂದು ಗುಮಾಸ್ತಿಕೆ ಮಾಡುತ್ತದೆ, ಸಂಜೆ ನ್ಯಾಯಾಧೀಶನಾಗುತ್ತದೆ. ಹೆಣ್ಣು ನೋಡಿಕೊಂಡು ಬಂದ ಸೋದರತ್ತೆ ಚಪ್ಪಲಿ ಬಿಡುತ್ತ “ಹುಡುಗಿ ಸುಮಾರು” ಅಂದರೆ ಆ ಸಂಬಂಧದ ಜಾತಕ ಅಲ್ಲಿಗೆ ವಾಪಸ್. ಎಸ್ಸೆಸ್ಸೆಲ್ಸಿ ಹುಡುಗ “ಸುಮಾರಾಗಿ ಬರೆದಿದೀನಿ” ಅಂದರೆ ಮರುಪರೀಕ್ಷೆಯ ಶುಲ್ಕ ಎಷ್ಟೆಂದು ಅಪ್ಪ ವಿಚಾರಿಸಬೇಕು. ಆಸ್ಪತ್ರೆಯಿಂದ ಬಂದವರು “ಅವರಾ? ಸುಮಾರಾಗಿದಾರೆ” ಅಂದರೆ ದೂರದ ನೆಂಟರಿಗೆ ಫೋನು ಮಾಡಲು ಶುರುಮಾಡುವುದು ಒಳ್ಳೆಯದು. ಕನ್ನಡದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನಾಶ ಮಾಡುವ ಪದ ಇನ್ನೊಂದಿಲ್ಲ.

ನನ್ನಾಕೆಗೆ ತೋರಿಸಿದೆ. ಕನ್ನಡಕ ಮೇಲೇರಿಸಿ ಓದಿದಳು.

“ಸುಮಾರು ಅಂದ್ರೆ ತಪ್ಪೇನ್ರೀ? 31 ವರ್ಷದಿಂದ ನನ್ನ ಹುಳಿಗೆ ನೀವು ಹೇಳ್ತಿರೋದೂ ಅದೇ ಅಲ್ವಾ?”

“ಅದು ಬೇರೆ.”

“ಹೌದು, ಬೇರೆ. ನೀವು ಎದುರಿಗೆ ಕೂತ್ಕೊಂಡು ಹೇಳ್ತೀರಿ. ಎರಡನೇ ಸಲ ಬಡಿಸ್ಕೊಂಡು ಹೇಳ್ತೀರಿ.”

ಆ ರಾತ್ರಿ ನಿದ್ದೆ ಬರಲಿಲ್ಲ. 84 ಜನರ ಹೊಗಳಿಕೆಯಲ್ಲಿ ಒಂದಾದರೂ ದಿಂಬಿನ ಪಕ್ಕಕ್ಕೆ ಬಂದು ಕೂರಬೇಕಲ್ಲ? ಇಲ್ಲ. ಎಲ್ಲರೂ ಮದುವೆ ಊಟ ಮುಗಿಸಿ ತಾಂಬೂಲ ತೆಗೆದುಕೊಂಡು ಹೋದ ಹಾಗೆ ಹೋಗಿದ್ದರು. ಉಳಿದವನು ಸತ್ಯವಾದಿ ಒಬ್ಬನೇ.

ಒಂದೂವರೆಗೆ ಎದ್ದು ಅವನ ಮನೆ ಬಾಗಿಲಿಗೆ ಹೋದೆ, ಅಂದರೆ ಅವನ ಪುಟಕ್ಕೆ. ಬೀಗ. ಫೇಸ್‌ಬುಕ್ 2020ರಲ್ಲಿ ಭಾರತದವರಿಗೆ, ಅದರಲ್ಲೂ ಹೆಣ್ಣುಮಕ್ಕಳ ರಕ್ಷಣೆಯನ್ನು ಮುಂದಿಟ್ಟುಕೊಂಡು, ಪುಟಕ್ಕೆ ಬೀಗ ಹಾಕಿಕೊಳ್ಳುವ ಸೌಲಭ್ಯ ಕೊಟ್ಟಿತು. ಒಳ್ಳೆಯ ಉದ್ದೇಶ. ನನ್ನ ಅನುಭವದಲ್ಲಿ ಆ ಬೀಗದ ಹಿಂದೆ ಬಳೆಗಿಂತ ಮೀಸೆಯೇ ಹೆಚ್ಚು. ತಾನು ಮಾತ್ರ ಊರಿನ ಎಲ್ಲ ಮನೆಗಳ ಅಂಗಳದಲ್ಲೂ ಉಗುಳಿ ಬರಬೇಕು, ತನ್ನ ಅಂಗಳಕ್ಕೆ ಮಾತ್ರ ಕೋಟೆ ಬಾಗಿಲು.

ಬೆಳಿಗ್ಗೆ ಸೋದರಮಾವನಿಗೆ ಫೋನು ಮಾಡಿದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹೆಸರಿಲ್ಲದ ಬರವಣಿಗೆಯ ವಿಷಯದಲ್ಲಿ ನಮ್ಮ ವಂಶದಲ್ಲೇ ಅವರಷ್ಟು ಪಳಗಿದವರಿಲ್ಲ, ಯಾಕೆಂದರೆ 34 ವರ್ಷ ಮೂಗರ್ಜಿಗಳ ನಡುವೆ ಬದುಕಿದವರು. ಮೂಗರ್ಜಿ! ಎಂಥ ಪದ ನೋಡಿ. ಮೂಗನ ಅರ್ಜಿ. ಇಡೀ ಕಚೇರಿಯಲ್ಲಿ ಅತಿ ಹೆಚ್ಚು ಮಾತಾಡುವ ಕಾಗದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಎಡಗೈಯಲ್ಲಿ ಬರೆದಿರುತ್ತಾರೆ, ಪಕ್ಕದ ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗಿ ಅಂಚೆಗೆ ಹಾಕಿರುತ್ತಾರೆ, ಕೊನೆಯಲ್ಲಿ “ಇಂತಿ, ನೊಂದ ನಾಗರಿಕ” ಎಂದಿರುತ್ತದೆ. ಬಸ್ ಚಾರ್ಜು, ಅಂಚೆ ಖರ್ಚು, ಎಡಗೈಯ ಶ್ರಮ, ಇವನ್ನೆಲ್ಲ ಲೆಕ್ಕ ಹಾಕಿದರೆ ಆ ಕಾಲದ ದ್ವೇಷಕ್ಕೆ ಒಂದು ದುಡಿಮೆಯ ಘನತೆ ಇತ್ತು ಅನಿಸುತ್ತದೆ. ಈಗ ಮಲಗಿದಲ್ಲೇ ಹೆಬ್ಬೆರಳು ಆಡಿಸಿದರೆ ಮುಗಿಯಿತು.

“ಮೂಗರ್ಜಿ ಬಂದ್ರೆ ಏನ್ ಮಾಡ್ತಿದ್ರಿ ಮಾವ?”

“ಹರಿದು ಹಾಕೋದು. ಕೇಂದ್ರ ಜಾಗೃತ ಆಯೋಗದೋರೇ 1999ರಲ್ಲಿ ಸುತ್ತೋಲೆ ಹೊರಡಿಸಿದ್ರಲ್ಲೋ, ಹೆಸರಿಲ್ಲದ ದೂರಿನ ಮೇಲೆ ಕ್ರಮ ತಗೋಬಾರದು ಅಂತ.”

“ಅದು ಕೇಂದ್ರದೋರಿಗೆ. ನೀವು ಹರಿದು ಹಾಕ್ತಿದ್ರಾ?”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನ್ನ ಮೇಲೆ ಬಂದದ್ದು ಏಳು. ಬೀರುವಿನಲ್ಲಿವೆ.” ಮತ್ತೆ ದನಿ ತಗ್ಗಿಸಿ, “ಬರೆದೋನ್ನ ಹಿಡಿಯೋದು ಕಷ್ಟ ಅಲ್ಲ ಕಣೋ. ಮಾರನೇ ದಿನ ಯಾವನು ತಾನಾಗೇ ಬಂದು ‘ಯಾಕ್ ಸ್ವಾಮಿ ಮುಖ ಸಪ್ಪಗಿದೆ’ ಅಂತಾನೋ, ಅವನೇ.”

ಈ ಸೂತ್ರ ಕೊಟ್ಟು ಮಾವ ಫೋನಿಟ್ಟರು, ನನ್ನ ಸಾಮಾಜಿಕ ಜೀವನ ಅಲ್ಲಿಗೆ ಕೊನೆಯಾಯಿತು. ಬೆಳಗಿನ ವಾಕಿಂಗಿನಲ್ಲಿ ನಿವೃತ್ತ ಹೆಡ್‌ಮಾಸ್ಟರೊಬ್ಬರು “ಯಾಕೋ ಡಲ್ಲಾಗಿದೀರಿ” ಅಂದರು. ಅವರು ಪೂರ್ಣವಿರಾಮ ಹಾಕುವವರು ಬೇರೆ. ಮನೆಗೆ ಬಂದು ಅವರ ಹಳೆಯ ವಾಟ್ಸಾಪ್ ಸಂದೇಶಗಳನ್ನೆಲ್ಲ ತೆಗೆದು ನೋಡಿದೆ, ‘ಶುಭೋದಯ’ಕ್ಕೂ ಚುಕ್ಕಿ! ಮಧ್ಯಾಹ್ನ ಒಬ್ಬ ಸಹಲೇಖಕರು ಫೋನು ಮಾಡಿ “ಅಂಥೋರನ್ನೆಲ್ಲ ತಲೆಗೆ ಹಚ್ಕೋಬೇಡಿ” ಅಂದರು. ನಾನು ಹೇಳುವ ಮೊದಲೇ ಇವರಿಗೆ ಹೇಗೆ ಗೊತ್ತಾಯಿತು? ನನ್ನ ಕೊಡೆಗಿಂತ ಒಂದು ತಿಂಗಳು ಮೊದಲು ಅವರು ಚಪ್ಪಲಿಯ ಮೇಲೆ ಪ್ರಬಂಧ ಬರೆದಿದ್ದರು. ಮೂರು ದಿನದಲ್ಲಿ ನನ್ನ ಪಟ್ಟಿಯಲ್ಲಿ ಹದಿನಾಲ್ಕು ಜನರಿದ್ದರು. ಹಾಲಿನ ಬೂತಿನ ಹುಡುಗನನ್ನು ಮಾತ್ರ ಬಿಟ್ಟಿದ್ದೆ, ಅವನು ನನ್ನನ್ನು ಯಾವತ್ತೂ ಏನೂ ಕೇಳುವುದಿಲ್ಲ. ಹೆಸರು ಮುಚ್ಚಿಕೊಂಡವನು ಬರೆದದ್ದು ಒಂದು ಪದ. ಅದರ ಮುಂದೆ ಪರಿಚಯದವರ ಹೆಸರುಗಳನ್ನು ಒಂದೊಂದಾಗಿ ಬರೆದು ನೋಡಿ ಎಲ್ಲರ ಮೇಲೂ ಕಹಿ ಮಾಡಿಕೊಂಡವನು ನಾನು.

ಇದು ಹಳೆಯ ಚಾಳಿ ಇರಬೇಕು. ಸೀತೆಯ ಬಗ್ಗೆ ಊರು ಆಡಿಕೊಂಡದ್ದನ್ನೇ ನೋಡಿ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭದ್ರನೆಂಬವನು ಬಂದು ಬೀದಿಯಲ್ಲಿ, ಅಂಗಡಿಯಲ್ಲಿ ಜನ ಹೀಗೆ ಮಾತಾಡುತ್ತಾರೆ ಎಂದು ರಾಮನಿಗೆ ವರದಿ ಒಪ್ಪಿಸುತ್ತಾನೆ. ಇಂಥವನೇ ಅಂದ ಎಂದು ಯಾರ ಹೆಸರೂ ಇಲ್ಲ. ಇಡೀ ಅಯೋಧ್ಯೆಯೇ ಬೀಗ ಹಾಕಿದ ಪುಟ. ಆಮೇಲಿನ ಕತೆಗಾರರಿಗೆ ಇದು ತಡೆದುಕೊಳ್ಳಲಾಗಲಿಲ್ಲ, ಯಾರಾದರೂ ಒಬ್ಬ ಬೇಕಿತ್ತು. ಹುಡುಕಿ ಹುಡುಕಿ ಅಗಸನನ್ನು ಹಿಡಿದು ತಂದರು. ಅನಾಮಧೇಯನಿಗೊಂದು ಮುಖ ಬೇಕಾದಾಗ ನಾವು ಅರಮನೆಯೊಳಗೆ ಹುಡುಕುವುದಿಲ್ಲ, ನೇರ ಹೊಳೆದಂಡೆಗೆ ಹೋಗುತ್ತೇವೆ. ಊರಿನ ಕೊಳೆ ತೊಳೆಯುವವನ ತಲೆಗೇ ಊರಿನ ಬಾಯಿಯ ಕೊಳೆಯನ್ನೂ ಕಟ್ಟಿದರೆ ಲೆಕ್ಕ ಚುಕ್ತಾ.

ಸಮಾಧಾನ ಹೇಳುವವರು ಮಾತ್ರ ಪುರಂದರದಾಸರನ್ನು ಬಿಟ್ಟು ಕದಲುವುದಿಲ್ಲ. ನಿಂದಿಸುವವರು ಊರಲ್ಲಿರಬೇಕು, ಹಂದಿಯಿದ್ದರೆ ಕೇರಿ ಶುಚಿಯಾದ ಹಾಗೆ ಎಂದು ದಾಸರು ಹಾಡಿದ್ದಾರೆ. ಈ ಹೋಲಿಕೆಯನ್ನು ನನಗೆ ಒಂದೇ ವಾರದಲ್ಲಿ ಐದು ಜನ ಕಳಿಸಿದರು. ಸತ್ಯವಾದಿಯನ್ನು ಹಂದಿ ಎಂದರಲ್ಲ ಎಂದು ಎರಡು ದಿನ ಖುಷಿಯಾಗಿಯೇ ಇದ್ದೆ. ಮೂರನೆಯ ದಿನ ಸ್ನಾನ ಮಾಡುವಾಗ ಹೊಳೆಯಿತು: ಅವನು ಹಂದಿಯಾದರೆ, ಅವನು ಬಾಯಿ ಹಾಕಿದ್ದು ಯಾವುದಕ್ಕೆ? ನನ್ನ ಪ್ರಬಂಧಕ್ಕೆ. ಐದು ಜನಕ್ಕೂ ಉತ್ತರ ಬರೆಯಲಿಲ್ಲ.

ಗೆಳತಿಯೊಬ್ಬರಿದ್ದಾರೆ, ಪತ್ರಿಕೆಗಳಿಗೆ ಅಂಕಣ ಬರೆಯುವವರು. ಅವರ ಮುಂದೆ ನನ್ನ ಗಾಯ ಬಿಚ್ಚಿ ತೋರಿಸಿದೆ. “ಸುಮಾರಾ?” ಎಂದು ಜೋರಾಗಿ ನಕ್ಕರು. “ಇಷ್ಟೇನಾ? ನನಗೆ ಬಂದಿರೋದನ್ನ ನೋಡ್ತೀರಾ?” ಎಂದು ಫೋನು ಕೊಟ್ಟರು. ನಾಲ್ಕನೆಯದಕ್ಕೆ ಓದುವುದು ನಿಲ್ಲಿಸಿ ಫೋನನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟೆ. ದೇವಸ್ಥಾನದ ಹುಂಡಿಯ ಲೆಕ್ಕದ ಬಗ್ಗೆ ಅವರು ಬರೆದ ಲೇಖನಕ್ಕೆ ಬಂದ ಉತ್ತರಗಳಲ್ಲಿ ಹುಂಡಿ ಎಲ್ಲೂ ಇರಲಿಲ್ಲ, ಅವರ ದೇಹವಿತ್ತು, ಮಗಳ ಶಾಲೆಯ ದಾರಿ ಇತ್ತು. ಹೆಸರು ಮುಚ್ಚಿಟ್ಟುಕೊಂಡು ಬೆದರಿಸುವುದಕ್ಕೆ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ ಎರಡು ವರ್ಷದವರೆಗೆ ಸೆರೆವಾಸ ಎಂದು 1860ರ ದಂಡಸಂಹಿತೆಯ 507ನೇ ಕಲಮಿನಲ್ಲೇ ಇತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಕೈಬಿಟ್ಟಿಲ್ಲ. ಮುಖ ಮುಚ್ಚಿದವನು ಹೆಚ್ಚು ಅಪಾಯಕಾರಿ ಎಂಬುದು ವಿಕ್ಟೋರಿಯಾ ರಾಣಿಯ ಕಾಲಕ್ಕೇ ಗೊತ್ತಿತ್ತು. “ದೂರು ಕೊಟ್ಟಿರಾ?” ಎಂದೆ. “ಕೊಟ್ಟೆ. ‘ಮೇಡಂ, ನೀವು ಸ್ವಲ್ಪ ದಿನ ಬರೆಯೋದು ನಿಲ್ಲಿಸಬಹುದಲ್ಲ’ ಅಂದ್ರು” ಎಂದರು. ಕಾಫಿ ಆರಿತ್ತು. ‘ಸುಮಾರು’ ಯಾವ ಕಲಮಿನಡಿ ಬರುತ್ತದೆಂದು ಕೇಳುವುದು ನನ್ನ ಮನಸ್ಸಿನಲ್ಲಿತ್ತು, ಕೇಳಲಿಲ್ಲ.

ನಾಚಿಕೆಯಾಯಿತು. ಆದರೆ ನಾಚಿಕೆಗೂ ನೋವಿಗೂ ಸಂಬಂಧವಿಲ್ಲ. ಪಕ್ಕದ ಹಾಸಿಗೆಯವನ ಕಾಲು ಮುರಿದಿದೆ ಎಂದು ನಮ್ಮ ಹಲ್ಲುನೋವು ನಿಲ್ಲುವುದಿಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವರ ಜಾತಿಯವರು ಸಂದೇಹ ಬಂದಾಗಲೆಲ್ಲ ಓಡುವ ಸ್ಟ್ಯಾಕ್ ಓವರ್‌ಫ್ಲೋ ಎಂಬ ಜಾಗವಿದೆಯಂತೆ. ಅಲ್ಲಿ ಯಾರದಾದರೂ ಉತ್ತರ ಇಷ್ಟವಾಗದಿದ್ದರೆ ಹೆಸರು ಹೇಳದೆ ಕೆಳಮುಖ ಬಾಣ ಒತ್ತಬಹುದು. ಒತ್ತಿಸಿಕೊಂಡವನಿಗೆ 2 ಅಂಕ ನಷ್ಟ. ಒತ್ತಿದವನಿಗೂ 1 ಅಂಕ ಕಳೆಯುತ್ತಾರೆ. “ಅಷ್ಟು ಖರ್ಚು ಇದ್ರೆ ಜನ ಯೋಚನೆ ಮಾಡಿ ಒತ್ತುತಾರೆ ಅಂತ ಲೆಕ್ಕಾಚಾರ ಮಾಮ” ಎಂದ. ಒತ್ತುವುದು ನಿಂತಿದೆಯಾ ಎಂದು ಕೇಳಿದೆ. ಇಲ್ಲವಂತೆ. ಪಕ್ಕದ ಮನೆಯವನಿಗೆ ಎರಡು ಕಣ್ಣೂ ಹೋಗಲೆಂದು ದೇವರ ಹತ್ತಿರ ತನ್ನ ಒಂದು ಕಣ್ಣು ಹೋಗಲಿ ಎಂದು ವರ ಬೇಡಿದವನ ಕತೆಯನ್ನು ನಮ್ಮಜ್ಜಿ ಹೇಳುತ್ತಿದ್ದಳು. ಅಮೆರಿಕದ ಎಂಜಿನಿಯರುಗಳು ಅದನ್ನೇ ನಿಯಮ ಮಾಡಿ ಜಾರಿಗೆ ತಂದಿದ್ದಾರೆ, ಅಷ್ಟೇ. ಯೂಟ್ಯೂಬಿನವರದು ಇನ್ನೂ ಚೆಂದ. 2021ರ ನವೆಂಬರಿನಲ್ಲಿ, ಸೃಷ್ಟಿಕರ್ತರಿಗೆ ನೋವಾಗಬಾರದೆಂದು, ಕೆಳಗೆ ತೋರುವ ಹೆಬ್ಬೆರಳುಗಳ ಎಣಿಕೆಯನ್ನು ಊರಿನಿಂದ ಮರೆಮಾಡಿದರು. ವಿಡಿಯೊ ಹಾಕಿದವನಿಗೆ ಮಾತ್ರ ಅದು ಈಗಲೂ ಕಾಣುತ್ತದೆ. ಹೊಡೆತವನ್ನು ನಿಲ್ಲಿಸಲಾಗದು, ಬಾಸುಂಡೆಯನ್ನು ಅಂಗಿಯೊಳಗೆ ಇಟ್ಟುಕೊ ಎಂದ ಹಾಗೆ.

ಅಕ್ಕನ ಮಗನೇ ಒಂದು ಉಪಕಾರ ಮಾಡಿದ. ಅದೇ ಸತ್ಯವಾದಿ, ಅದೇ ಸೂರ್ಯಕಾಂತಿ, ನಕ್ಷೆಯಲ್ಲಿ ಊರೂರಿಗೆ ನಕ್ಷತ್ರ ಹಂಚುತ್ತಿರುವುದನ್ನು ಪತ್ತೆ ಮಾಡಿಕೊಟ್ಟ. ಆ ರಾತ್ರಿ ನಾನು ಓದಿದಷ್ಟು ತನ್ಮಯವಾಗಿ ಯಾವ ಕಾದಂಬರಿಯನ್ನೂ ಓದಿದವನಲ್ಲ. ಜೋಗ ಜಲಪಾತ: 1 ನಕ್ಷತ್ರ. “ನೀರು ಇಲ್ಲ.” ಹೋದದ್ದು ಏಪ್ರಿಲ್‌ನಲ್ಲಿ. 253 ಮೀಟರ್ ಎತ್ತರದ ಬಂಡೆಯೆದುರು ನಿಂತು, ನೀರು ಲಿಂಗನಮಕ್ಕಿಯಲ್ಲಿ ನಿಂತು ಕರೆಂಟಾಗಿ ತನ್ನ ಫೋನಿನೊಳಗೇ ಬಂದು ಕೂತಿದೆ ಎಂಬುದರ ಪರಿವೆಯಿಲ್ಲದೆ ಒತ್ತಿದ್ದಾನೆ. ಮೈಸೂರಿನ ಮೃಗಾಲಯ: 2. “ಹುಲಿ ಮಲಗಿತ್ತು.” ಒಂದು ಚಿತಾಗಾರ: 3. “ಸಿಬ್ಬಂದಿ ಒಳ್ಳೆಯವರು. ಪಾರ್ಕಿಂಗ್ ಇಲ್ಲ.” ಮನಸ್ಸು ಹಗುರವಾಯಿತು. ಜೋಗದ ಪಕ್ಕದಲ್ಲಿ, ಹುಲಿಯ ಪಕ್ಕದಲ್ಲಿ ನನ್ನ ಕೊಡೆ! ಇದಕ್ಕಿಂತ ಒಳ್ಳೆಯ ಸಹವಾಸ ಯಾರಿಗೆ ಸಿಗುತ್ತದೆ? ಇನ್ನೂ ಕೆಳಗೆ ಸರಿಸಿದೆ. ಸರಿಸಬಾರದಿತ್ತು. ಯಾವುದೋ ಬಸ್ ನಿಲ್ದಾಣದ ಶೌಚಾಲಯಕ್ಕೆ 4 ನಕ್ಷತ್ರ. “ಚೆನ್ನಾಗಿದೆ. ಮತ್ತೆ ಬರುತ್ತೇನೆ.”

ಇನ್ನುಳಿದದ್ದು ಗ್ರಂಥಗಳ ಮೊರೆ. 1818ರಲ್ಲಿ ಜಾನ್ ಕೀಟ್ಸನ ‘ಎಂಡಿಮಿಯನ್’ ಕಾವ್ಯದ ಮೇಲೆ ಹೆಸರಿಲ್ಲದ ವಿಮರ್ಶಕರು ಮುಗಿಬಿದ್ದರು. ಆ ಕಾಲದ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ವಿಮರ್ಶೆಗೆ ಹೆಸರು ಹಾಕುವ ರೂಢಿಯೇ ಇರಲಿಲ್ಲ. ‘ಝೆಡ್’ ಎಂದಷ್ಟೇ ಸಹಿ ಮಾಡಿದ ಒಬ್ಬ, ಕಾವ್ಯ ಬಿಟ್ಟು ಔಷಧಿ ಅಂಗಡಿಗೆ ವಾಪಸ್ ಹೋಗು ಎಂದ. ಕೀಟ್ಸ್ ಔಷಧಿಯ ವೃತ್ತಿಗೆ ಓದಿಕೊಂಡವನು. ಮೂರು ವರ್ಷದೊಳಗೆ, 1821ರಲ್ಲಿ, ರೋಮಿನಲ್ಲಿ ಸತ್ತ. ವಿಮರ್ಶೆಯೇ ಅವನನ್ನು ಕೊಂದಿತೆಂದು ಷೆಲ್ಲಿ ಕಣ್ಣೀರು ಹಾಕಿದ, ಬೈರನ್ ಗೇಲಿ ಮಾಡಿದ. ಕೊಂದದ್ದು ಕ್ಷಯ. ಕ್ಷಯರೋಗಕ್ಕೆ ಪತ್ರಿಕೆ ಓದುವ ಅಭ್ಯಾಸವಿಲ್ಲ. ಆದರೂ ನಾನು ಎರಡು ಸಲ ಕೆಮ್ಮಿ ನೋಡಿದೆ.

ಕೀಟ್ಸನಿಗಿಂತ ವಾಲ್ಟ್ ವಿಟ್ಮನ್ ಜಾಣ. 1855ರಲ್ಲಿ ‘ಲೀವ್ಸ್ ಆಫ್ ಗ್ರಾಸ್’ ಅಚ್ಚಾದಾಗ ತನ್ನ ಪುಸ್ತಕಕ್ಕೆ ತಾನೇ ಹೆಸರಿಲ್ಲದ ವಿಮರ್ಶೆಗಳನ್ನು ಬರೆದು ಪತ್ರಿಕೆಗಳಲ್ಲಿ ಹಾಕಿಸಿಕೊಂಡ. ನಮ್ಮ ಕಾಲದಲ್ಲಿ, 2010ರಲ್ಲಿ, ಲಂಡನ್ನಿನ ಇತಿಹಾಸಕಾರ ಆರ್ಲ್ಯಾಂಡೊ ಫೈಜಸ್ ಅಮೆಜಾನಿನಲ್ಲಿ ಸುಳ್ಳು ಹೆಸರಿನಿಂದ ತಮ್ಮ ಪುಸ್ತಕವನ್ನು ಹೊಗಳಿ, ಎದುರಾಳಿಗಳ ಪುಸ್ತಕಗಳನ್ನು ತೆಗಳಿ ಸಿಕ್ಕಿಬಿದ್ದರು. ಮೊದಲು ಹೆಂಡತಿ ಬರೆದದ್ದು ಎಂಬ ಹೇಳಿಕೆ ಬಂತು, ಆಮೇಲೆ ತಾವೇ ಎಂದು ಒಪ್ಪಿಕೊಂಡರು. ಅವರು ಹೊಗಳಿಕೊಂಡ ಪುಸ್ತಕ ಯಾವುದು ಗೊತ್ತೆ? ಸ್ಟಾಲಿನ್ನನ ಕಾಲದಲ್ಲಿ ಜನ ಪಿಸುಮಾತಿನಲ್ಲಿ ಬದುಕಿದ್ದು ಹೇಗೆ, ಬೆನ್ನ ಹಿಂದೆ ಚಾಡಿ ಹೇಳಿದ್ದು ಹೇಗೆ ಎಂಬುದರ ಕುರಿತ ‘ದಿ ವಿಸ್ಪರರ್ಸ್’.

ನೀತಿ ಕಲಿಯಬೇಕಾದವನು ಫೈಜಸರನ್ನು ನೆನೆಯಬೇಕಿತ್ತು. ನಾನು ವಿಟ್ಮನ್ನನನ್ನು ನೆನೆದೆ. ರಾತ್ರಿ ಹನ್ನೊಂದಕ್ಕೆ ‘ಸಾಹಿತ್ಯಪ್ರೇಮಿ’ ಹುಟ್ಟಿದ. ಮುಖಕ್ಕೆ ಕೆಂಪು ದಾಸವಾಳ. ಪುಟಕ್ಕೆ ಬೀಗ.

“ಈ ಪ್ರಬಂಧವನ್ನು ಸುಮಾರು ಎನ್ನುವವರು ಕಾರಣ ಕೊಡುವ ಸೌಜನ್ಯ ತೋರಬೇಕು” ಎಂದು ಸಾಹಿತ್ಯಪ್ರೇಮಿ ಸತ್ಯವಾದಿಗೆ ಬರೆದ. ಎರಡೇ ನಿಮಿಷದಲ್ಲಿ ಕಾರಣ ಬಂತು. “ಮೂರನೇ ಪ್ಯಾರಾದವರೆಗೆ ಕೊಡೆ ಇದೆ. ಆಮೇಲೆ ಲೇಖಕರು ಮಾತ್ರ ಇದ್ದಾರೆ. ಕೊನೆಯಲ್ಲಿ ನಮ್ಮನ್ನು ಅಳಿಸಲು ಅಪ್ಪನನ್ನು ಸಾಯಿಸಿದ್ದಾರೆ.” ಪ್ರತಿ ವಾಕ್ಯಕ್ಕೂ ಚುಕ್ಕಿ.

ನನಗಾಗಿದ್ದರೆ ಎದೆ ಒಡೆಯುತ್ತಿತ್ತು. ಸಾಹಿತ್ಯಪ್ರೇಮಿಗೆ ಏನೂ ಆಗಲಿಲ್ಲ, ಅಪ್ಪ ಸತ್ತದ್ದು ಅವನಿಗಲ್ಲವಲ್ಲ. ಹಾಯಾಗಿ ವಾದ ಮಾಡಿದ. ಮಗುಚಿದ ಕೊಡೆಯ ಪ್ರಸಂಗವನ್ನು ಎತ್ತಿ ಹಿಡಿದ. ಬಸ್ಸಿನ ಲೆಕ್ಕ ಉದ್ದವಾಯಿತೆಂದು ಬಿಟ್ಟುಕೊಟ್ಟ. ಎರಡನೆಯ ರಾತ್ರಿ, ನೋಡನೋಡುತ್ತಲೇ, “ಆ ಕೊನೆಯ ಪ್ಯಾರಾ ನನಗೂ ಸ್ವಲ್ಪ ಹೆಚ್ಚಾಯಿತು ಅನ್ನಿಸಿದ್ದುಂಟು” ಎಂದು ಬರೆದೇಬಿಟ್ಟ. ಹನ್ನೊಂದು ದಿನ ಕೂತು ಬರೆದಾಗ ನನಗೆ ನಾನೇ ಹೇಳಿಕೊಳ್ಳದ ಮಾತು ಅದು. ದಾಸವಾಳ ಹಚ್ಚಿಕೊಂಡ ಮೇಲೆ ಎಷ್ಟು ಸಲೀಸಾಗಿ ಬಂತು! ಸುಖವಾಗಿತ್ತು. ಇದಕ್ಕೇ ಜನ ಮುಖ ಬಿಚ್ಚಿಟ್ಟು ಬರುತ್ತಾರೇನೋ.

ಮೂರನೆಯ ರಾತ್ರಿ ಸತ್ಯವಾದಿ ಖಾಸಗಿಯಾಗಿ ಸಂದೇಶ ಕಳಿಸಿದ.

“ಆ ಲೇಖಕರನ್ನು ನೀವು ಯಾಕೆ ಇಷ್ಟು ಸಮರ್ಥಿಸುತ್ತೀರಿ ತಿಳಿಯದು. ಅವರ ಪ್ರಬಂಧಕ್ಕಿಂತ ನಿಮ್ಮ ಪ್ರತಿಕ್ರಿಯೆಗಳೇ ಚೆನ್ನಾಗಿವೆ. ಆಡಂಬರವಿಲ್ಲ. ನೀವೇ ಯಾಕೆ ಬರೆಯಬಾರದು?”

ಮೂರು ಸಲ ಓದಿದೆ. ಎದ್ದು ಹಾಲಿನಲ್ಲಿ ಅಡ್ಡಾಡಿದೆ. 84 ಜನ ಕೊಡಲಾಗದ್ದನ್ನು ಒಬ್ಬ ಕೊಟ್ಟಿದ್ದ, ಜೋಗಕ್ಕೆ ಒಂದೇ ನಕ್ಷತ್ರ ಕೊಟ್ಟ ಮಹಾ ಜಿಪುಣ. ಕುಕ್ಕರಿನ ಗ್ಯಾಸ್ಕೆಟ್ ತೊಳೆಯುತ್ತಿದ್ದ ನನ್ನಾಕೆ ತಲೆಯೆತ್ತಿ ನೋಡಿದಳು.

“ಏನ್ರೀ, ಇಷ್ಟು ಹೊತ್ನಲ್ಲಿ ಮುಖ ಇಷ್ಟಗಲ ಆಗಿದೆ?”

“ಒಬ್ರು ತುಂಬ ಹೊಗಳಿದಾರೆ ಕಣೇ. ಸುಲಭಕ್ಕೆ ಹೊಗಳೋರಲ್ಲ.”

“ಯಾರನ್ನ? ನಿಮ್ಮನ್ನಾ?”

ಸ್ವಲ್ಪ ಯೋಚಿಸಿದೆ.

“ಸುಮಾರು” ಎಂದೆ.